ಹುಡುಗರ ಪರ ನಿಂತಾಗ

ಮಂಗಳೂರಿನಲ್ಲಿ ಬಾಲನ್ಯಾಯ ಮಂಡಳಿಯ ಮುಂದೆ ವಕಾಲತ್ತು ಹಾಕುತ್ತಾ ಕಲಿತದ್ದು ಇಷ್ಟು.

1. ಮೊದಲು ಶಾಲೆಯ ದಾಖಲೆ ತರಿಸಿ. ಹುಡುಗ 16 ದಾಟಿದ್ದಾನೋ ಇಲ್ಲವೋ ಎಂಬುದರ ಮೇಲೇ ಮುಂದಿನದ್ದೆಲ್ಲ. ಶಾಲೆಯ ದಾಖಲೆಯೂ ಪಾಲಿಕೆ, ಪಂಚಾಯಿತಿಗಳ ಜನನ ಪ್ರಮಾಣಪತ್ರವೂ ಇಲ್ಲವಾದರೆ ಮಾತ್ರ ಎಲುಬಿನ ಪರೀಕ್ಷೆ. ಮೀನುಗಾರಿಕೆ ದಕ್ಕೆಗೆ ದುಡಿಯಲು ಬಂದ ಹೊರರಾಜ್ಯದ ಹುಡುಗನಾದರೆ ಅಂದೇ ಅವನೂರಿನ ಶಾಲೆಗೆ ಫೋನ್ ಮಾಡಿ.

2. ‘ಘೋರ’ ಎಂಬ ಹಣೆಪಟ್ಟಿಯನ್ನು ನಂಬಬೇಡಿ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಸಿಟ್ಟಿನಲ್ಲಿ ಹುಟ್ಟಿದ 2015ರ ಬಾಲನ್ಯಾಯ ಕಾಯ್ದೆ, ಕನಿಷ್ಠ ಏಳು ವರ್ಷ ಶಿಕ್ಷೆಯಿರುವ, ಅಂದರೆ ‘ಘೋರ’ ಅಪರಾಧ ಎಸಗಿದ ಆರೋಪವಿದ್ದರೆ 16 ತುಂಬಿದವರನ್ನು ವಯಸ್ಕರಂತೆ ವಿಚಾರಿಸಲು ದಾರಿ ತೆರೆಯಿತು. ಕೊಲೆಯತ್ನಕ್ಕೆ ಸಾಮಾನ್ಯವಾಗಿ ಕನಿಷ್ಠ ಶಿಕ್ಷೆಯೇ ಇಲ್ಲ. ಹಾಗಾಗಿ, ಸುಪ್ರೀಂ ಕೋರ್ಟಿನ 2020ರ ಶಿಲ್ಪಾ ಮಿತ್ತಲ್ ತೀರ್ಪಿನ ಪ್ರಕಾರ, ಅದು ಈ ಪಟ್ಟಿಗೆ ಸೇರದು. ಆದರೆ 2019ರ ತಿದ್ದುಪಡಿಯ ನಂತರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಹತ್ತು ವರ್ಷ. ಮಚ್ಚು ಬೀಸಿದವನು ಹೊರಗೆ, ಪಿಯುಸಿ ಸಹಪಾಠಿಯನ್ನು ಪ್ರೀತಿಸಿ ಓಡಿಹೋದವನು ಒಳಗೆ! ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಇಂಥ ಪ್ರೇಮಪ್ರಕರಣಗಳ ಬಗ್ಗೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ, ಸಮ್ಮತಿಯ ವಯಸ್ಸು 18 ಇರಲಿ, 16–18ರವರ ಪ್ರಕರಣಗಳಲ್ಲಿ ಶಿಕ್ಷೆ ತಗ್ಗಿಸುವ ವಿವೇಚನೆ ನ್ಯಾಯಾಧೀಶರಿಗೆ ಸಿಗಲಿ ಎಂದಿತು. ನನಗೆ ಅದೂ ಅರ್ಧ ಪರಿಹಾರವೇ. ಕನಿಷ್ಠ ಶಿಕ್ಷೆಯ ಅಂಕಿ ನೋಡಿ ಮಕ್ಕಳನ್ನು ವಿಂಗಡಿಸುವುದನ್ನೇ ಬಿಡಬೇಕು.

3. ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ಮಂಡಳಿ ನಡೆಸುವ ಪ್ರಾಥಮಿಕ ಮೌಲ್ಯಮಾಪನ ವಿಚಾರಣೆಯಲ್ಲ. ಅಲ್ಲಿ ‘ನೀನೇ ಮಾಡಿದೆಯಾ’ ಎಂದು ಕೇಳುವಂತಿಲ್ಲ. ಅಂಥ ಅಪರಾಧ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಮತ್ತು ಪರಿಣಾಮ ಅರಿಯುವ ಶಕ್ತಿ ಅವನಿಗಿತ್ತೇ, ಸನ್ನಿವೇಶ ಎಂಥದು ಎಂಬುದಷ್ಟೇ ಪ್ರಶ್ನೆ. ಬುದ್ಧಿಮಾಪನದ ಅಂಕ ಇದಕ್ಕೆ ಸಾಲದೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮನೆಯಲ್ಲಿ ತುಳು ಅಥವಾ ಬ್ಯಾರಿ ಆಡುವ ಹುಡುಗ ಗ್ರಾಂಥಿಕ ಕನ್ನಡದ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸುತ್ತಾನೆ, ವರದಿಯಲ್ಲಿ ಅದು ‘ಹೌದು’ ಆಗುತ್ತದೆ. ಅವನ ಭಾಷೆ ಬಲ್ಲವರೇ ಕೂರಲಿ ಎಂದು ಅರ್ಜಿ ಹಾಕಿ.

4. ತಾಯಂದಿರು ಮೊದಲು ಕೇಳುವುದು, “ವಕೀಲರೇ, ಕೋಡಿಯಾಲ್‌ಬೈಲ್ ಜೈಲಿಗೆ ಹಾಕ್ತಾರಾ?” ವಯಸ್ಕನಂತೆ ಶಿಕ್ಷೆಯಾದರೂ 21ರವರೆಗೆ ಇರುವುದು ‘ಸುರಕ್ಷಿತ ಸ್ಥಳ’ದಲ್ಲಿ. ಆಮೇಲೆ ಮಕ್ಕಳ ನ್ಯಾಯಾಲಯ ಮತ್ತೆ ಅಳೆದು ನೋಡಿ, ಬಿಡುವುದೋ ಜೈಲಿಗೆ ಕಳಿಸುವುದೋ ತೀರ್ಮಾನಿಸುತ್ತದೆ. ಮರಣದಂಡನೆಯೂ ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ.

5. ಇದು ನಿಮಗೆ: ಹುಡುಗನ ಫೋಟೊ, ಹೆಸರು, ಶಾಲೆ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.