ಕೋಳಿಗೂಡಿನ ಬಾಗಿಲು ಹಾಕುವ ಹೊತ್ತು

ತೀರ್ಥಹಳ್ಳಿ ಕಡೆ ಕಾಡಿನಂಚಿನ ತೋಟದ ಮನೆಯಲ್ಲಿ ನಾಟಿಕೋಳಿ ಸಾಕುವವಳಾಗಿ ನಾನು ಕಂಡುಕೊಂಡದ್ದಿಷ್ಟು.

1. ಮೊದಲು ಕಳ್ಳ ಯಾರೆಂದು ತಿಳಿಯಿರಿ. ಹಾಡಹಗಲೇ ಬೇಲಿ ಬುಡದಲ್ಲಿ ಹೇಂಟೆ ಹೋದರೆ ಮುಂಗುಸಿಯ ಮೇಲೆ ಅನುಮಾನ ಪಡಿ. ಅಂಗಳದಿಂದ ಮರಿ ಮಾಯವಾದರೆ ಗಿಡುಗ, ಇಲ್ಲವೇ ಕಾಗೆ. ರಾತ್ರಿಯ ಕೆಲಸವಾದರೆ ಪುನುಗು ಬೆಕ್ಕು, ಕಾಡುಬೆಕ್ಕು, ಹೆಬ್ಬಾವು. ಊರಿನ ನಾಯಿಯನ್ನೂ ಲೆಕ್ಕದಿಂದ ಬಿಡಬೇಡಿ; ಅದರ ಪಾಪವನ್ನು ಎಷ್ಟೋ ಸಲ ಕಾಡುಪ್ರಾಣಿ ಹೊರುತ್ತದೆ.

2. ಅಂಗಡಿಯವರು ಕೊಡುವ ತೆಳು ಚಿಕನ್ ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಒಳಗೆ ಬರುವವರನ್ನು ತಡೆಯುವುದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಅದನ್ನು ನೆಲಕ್ಕೆ ನಿಲ್ಲಿಸಿಬಿಡಬೇಡಿ. ಬುಡದಲ್ಲಿ ಹೊರಮುಖವಾಗಿ ಮಡಚಿ, ಒಂದೂವರೆ ಅಡಿಯಷ್ಟು ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಮಣ್ಣು ಎಳೆಯಿರಿ. ಮುಂಗುಸಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ, ಸ್ವಲ್ಪ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಮಾಡಿನ ಹೆಂಚಿನ ಸಂದಿಯನ್ನೂ ನೋಡಿ. ಪುನುಗು ಬೆಕ್ಕು ನುಸುಳಲು ನಿಮ್ಮ ಮುಷ್ಟಿಯಷ್ಟು ಜಾಗ ಸಾಕು. ಹಳೆಯ ನೈಲಾನ್ ಬಲೆಯನ್ನು ಮಾತ್ರ ನೆಲಮಟ್ಟದಲ್ಲಿ ಕಟ್ಟಬೇಡಿ. ಕೇರೆಹಾವು ಅದರಲ್ಲಿ ತಲೆ ತೂರಿಸಿ, ಹಿಂದಕ್ಕೂ ಬರಲಾಗದೆ ಕುತ್ತಿಗೆ ಕೊಯ್ದುಕೊಂಡು ಸಾಯುತ್ತದೆ.

3. ಎಷ್ಟೇ ಗಟ್ಟಿ ಗೂಡು ಕಟ್ಟಿದರೂ ಬಾಗಿಲು ಹಾಕುವವರು ಬೇಕು. ದೀಪ ಹಚ್ಚುವ ಹೊತ್ತಿಗೆ ತಲೆ ಎಣಿಸಿ ಚಿಲಕ ಹಾಕಿ. ಹಲಸಿನ ಮರ ಹತ್ತಿ ಮಲಗುವ ಒಂದೆರಡು ಹಟಮಾರಿಗಳಿರುತ್ತವೆ. ಸಂಜೆಯ ಅಕ್ಕಿನುಚ್ಚನ್ನು ಗೂಡಿನೊಳಗೇ ಹಾಕಿದರೆ ವಾರದಲ್ಲಿ ಅವಕ್ಕೂ ಬುದ್ಧಿ ಬರುತ್ತದೆ.

4. ಉಳಿದ ನುಚ್ಚು ರಾತ್ರಿ ಬಿದ್ದಿರಬಾರದು. ನುಚ್ಚಿಗೆ ಇಲಿ, ಇಲಿಗೆ ಹಾವು. ಮೊಟ್ಟೆಯನ್ನು ದಿನದಿನವೂ ಎತ್ತಿಡಿ. ಫಿನಾಯಿಲು, ನುಸಿಗುಳಿಗೆಗಳಿಗೆ ದುಡ್ಡು ಹಾಕಬೇಡಿ, ಹಾವು ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಬೆಳಿಗ್ಗೆ ಕೋಳಿ ನುಂಗಿದ ಹೆಬ್ಬಾವು ಗೂಡಿನಲ್ಲೇ ಬಿದ್ದಿದ್ದರೆ ಕೋಲಿನಿಂದ ತಿವಿಯಬೇಡಿ. ತಿವಿದರೆ ಕಕ್ಕುತ್ತದೆ, ಕೋಳಿಯಂತೂ ಬದುಕುವುದಿಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿ.

5. ಮರಿಗಳಿಗೆ ಮೊದಲ ಕೆಲವು ವಾರ ಮಂಕರಿಯೇ ಕೋಟೆ. ತಾಯಿಯ ಸಮೇತ ಅಂಗಳದಲ್ಲಿ ಮುಚ್ಚಿ, ಮೇಲೊಂದು ಕಲ್ಲು ಹೇರಿ. ಹಳೆಯ ಸಿಡಿ ತೂಗುಹಾಕಿದರೆ ಗಿಡುಗ ಸ್ವಲ್ಪ ದಿನ ಹೆದರುತ್ತದೆ, ಆಮೇಲೆ ಅದರ ಪಕ್ಕದ ಕೊಂಬೆಯಲ್ಲೇ ಕೂರುತ್ತದೆ. ಕರಿಬೇವು, ದಾಸವಾಳದಂಥ ದಟ್ಟ ಗಿಡಗಳು ಹಿತ್ತಲಲ್ಲಿದ್ದರೆ ಹುಂಜ ಕೂಗಿ ಎಚ್ಚರಿಸಿದ ಕೂಡಲೇ ನುಗ್ಗಲು ಜಾಗವಾಗುತ್ತದೆ.

6. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡುತ್ತೇನೆ ಎನ್ನುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಅದೂ ತಪ್ಪೇ. ಸಾಲದ್ದಕ್ಕೆ, ಒಂದು ಮುಂಗುಸಿ ಬಿಟ್ಟ ಜಾಗಕ್ಕೆ ಇನ್ನೊಂದು ಬರುತ್ತದೆ. ಉರುಳಿಗೆ ಯಾವ ಪ್ರಾಣಿಯ ಗುರುತೂ ಇಲ್ಲ, ಹಂದಿಗೆಂದು ಇಟ್ಟದ್ದರಲ್ಲಿ ಚಿರತೆ ಸಿಕ್ಕಿಕೊಳ್ಳುತ್ತದೆ. ಮನೆಯ ಕರೆಂಟನ್ನು ಬೇಲಿಗೆ ಹರಿಸುವುದಂತೂ ಮನುಷ್ಯರನ್ನೇ ಕೊಂದಿದೆ.

7. ಚಿರತೆ ಓಡಾಡುವ ಊರಾದರೆ ಗೂಡು ಮನೆಗೆ ತಾಗಿಕೊಂಡಿರಲಿ. ಕಾವಲಿಗೆಂದು ನಾಯಿಯನ್ನು ಗೂಡಿನ ಪಕ್ಕ ಕಟ್ಟಿಹಾಕಬೇಡಿ. ಚಿರತೆ ಕೋಳಿ ಬಿಟ್ಟು ಅದನ್ನೇ ಹೊತ್ತೊಯ್ಯುತ್ತದೆ. ರಾತ್ರಿ ಅದನ್ನೂ ಒಳಗೆ ಕೂಡಿ.