ಹುಲ್ಲು, ಹೊಲಿಗೆ ಮತ್ತು ಇಂಗ್ಲಿಷ್ ಗಾದೆ

‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂದರೆ ಅವಕಾಶ ಸಿಕ್ಕಾಗ ಬಿಡಬೇಡ ಎಂದು ಹೈಸ್ಕೂಲಿನಲ್ಲಿ ಗೈಡ್ ನೋಡಿ ಬಾಯಿಪಾಠ ಮಾಡಿದ್ದೆ. ‘ಹೇ’ ಅಂದರೇನು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಅದು ಒಣಹುಲ್ಲು. ನಮ್ಮ ಬೈಹುಲ್ಲಿನಂತೆ ಭತ್ತ ಬಡಿದ ಮೇಲೆ ಉಳಿದದ್ದಲ್ಲ, ಹಸಿ ಹುಲ್ಲನ್ನೇ ಕೊಯ್ದು ಒಣಗಿಸಿದ್ದು. ಇಂಗ್ಲೆಂಡಿನ ರೈತರು ಬೇಸಿಗೆಯಲ್ಲಿ ಹುಲ್ಲು ಕೊಯ್ದು, ಅಲ್ಲೇ ಹರಡಿ, ಮಗುಚಿ ಒಣಗಿಸಿ, ಚಳಿಗಾಲದಲ್ಲಿ ದನಗಳಿಗೆ ಹಾಕಲು ಕೂಡಿಡುತ್ತಿದ್ದರು. ಅಲ್ಲಿ ಬೇಸಿಗೆಯಲ್ಲೂ ಮಳೆ ಬರುತ್ತದೆ. ಮಳೆಗೆ ಸಿಕ್ಕ ಹುಲ್ಲಿಗೆ ಬೂಸ್ಟು ಹಿಡಿಯುತ್ತದೆ. ಹಾಗೆಂದು ಅವಸರದಲ್ಲಿ ಅರೆ ಒಣಗಿದ್ದನ್ನು ಬಣವೆ ಒಟ್ಟಿದರೆ ಒಳಗೊಳಗೇ ಕಾವೇರಿ ಬೆಂಕಿಯೂ ಹತ್ತಬಹುದು. ಬೇಗ ಮಾಡು ಎಂಬಷ್ಟೇ ಅರ್ಥ ಹೇಳಿದರೆ ಗಾದೆಯ ಅರ್ಧ ಬಿಟ್ಟುಹೋಗುತ್ತದೆ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಗಾದೆಗಳ ಪುಸ್ತಕದಲ್ಲೇ ಇದು ಇದೆ.

ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಕಣದಲ್ಲಿ ಕಾಯುವುದು ಗಾಳಿಗೆ. ಹಾಗಾಗಿ ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತೇವೆ. ಇಲ್ಲಿ ತೂರುವುದೆಂದರೆ ನುಸುಳುವುದಲ್ಲ (ನಾನೂ ಹಾಗೇ ತಿಳಿದಿದ್ದೆ!), ಭತ್ತವನ್ನು ಗಾಳಿಗೆ ಸುರಿದು ಜೊಳ್ಳು ಹಾರಿಸುವುದು.

ಇನ್ನೊಂದು ಗಾದೆ ಅರ್ಥವಾದದ್ದು ಮನೆಯಲ್ಲೇ. ‘ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್’, ಸಮಯಕ್ಕೆ ಹಾಕಿದ ಒಂದು ಹೊಲಿಗೆ ಒಂಬತ್ತನ್ನು ಉಳಿಸುತ್ತದೆ. 1732ರ ಥಾಮಸ್ ಫುಲ್ಲರ್ ಸಂಗ್ರಹದಲ್ಲಿ ಇದು ಸಿಗುತ್ತದೆ. ಒಂಬತ್ತೇ ಯಾಕೆ? ಟೈಮ್, ನೈನ್ ಎಂದು ಕಿವಿಗೆ ಹೊಂದುವುದಕ್ಕೆ ಇರಬೇಕು. ನನ್ನ ಉಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಹರಿದ ಯೂನಿಫಾರ್ಮ್ ತಂದವರಿಗೆ, “ಮೊನ್ನೆಯೇ ತಂದಿದ್ದರೆ ದುಡ್ಡೇ ಬೇಕಿರಲಿಲ್ಲ” ಎನ್ನುತ್ತಾರೆ. ಹರಿದ ಅಂಚಿನ ನೂಲು ದಿನದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಹೊಲಿಗೆ ಹಿಡಿಯಲು ಬಟ್ಟೆಯೇ ಉಳಿಯುವುದಿಲ್ಲ, ತೇಪೆ ಹಾಕಬೇಕು.

ಕಳೆದ ವರ್ಷ ಜ್ವರ ಬಂದು ತ್ರಿಕೋನಮಿತಿಯ ನಾಲ್ಕು ತರಗತಿ ನನಗೆ ತಪ್ಪಿದವು. ಸರ್ ಬಳಿ ಕೇಳಲು ನಾಚಿಕೆ. ಈ ವರ್ಷ ಕಲನಶಾಸ್ತ್ರ ಶುರುವಾದಾಗ ಪ್ರತಿ ಪುಟದಲ್ಲೂ ಸೈನ್, ಕಾಸ್. ಮಧ್ಯಾವಧಿ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದೆ. ಉತ್ತರಪತ್ರಿಕೆ ನೋಡಿದ ಉಮ್ಮ ಬೈಯಲಿಲ್ಲ. “ಎಲ್ಲಿಂದ ಬಿಚ್ಚಿಕೊಂಡಿತು?” ಎಂದು ಮಾತ್ರ ಕೇಳಿದರು.

ಮರುದಿನ ಹಳೆಯ ಪುಸ್ತಕ ಹಿಡಿದು ಸ್ಟಾಫ್‌ರೂಮಿಗೆ ಹೋದೆ. ಈಗ ದಿನಾ ಝುಹರ್ ನಮಾಝ್ ಮುಗಿದ ಮೇಲೆ ಸರ್ ಇಪ್ಪತ್ತು ನಿಮಿಷ ಹೇಳಿಕೊಡುತ್ತಿದ್ದಾರೆ. ಮೊದಲನೇ ಅಭ್ಯಾಸ ಮುಗಿದಿದೆ.