ಬೀಡಿ ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್: ಹೆಂಗಸರು ನೋಡಿಕೊಳ್ಳಬೇಕಾದ್ದೇನು?

ದೇವನೂರಿನಿಂದ ನಂಜನಗೂಡಿನ ಕಡೆ ಹೋದರೂ ತಿ. ನರಸೀಪುರದ ಕಡೆ ಹೋದರೂ, ಕೆಮ್ಮು ಅಂತ ಬಂದ ಗಂಡಸಿಗೆ ಡಾಕ್ಟರು ಮೊದಲು ಕೇಳುವ ಮಾತು ‘ಬೀಡಿ ಸೇದ್ತೀಯಾ?’ ಎಂಬುದು. ಹೆಂಗಸರಿಗೆ ಈ ಪ್ರಶ್ನೆ ಬರುವುದೇ ಕಡಿಮೆ. ಬಂದರೂ ಉತ್ತರ ‘ಇಲ್ಲ’. ಶ್ವಾಸಕೋಶದ ಕ್ಯಾನ್ಸರಿನ ಅನುಮಾನವೂ ಅಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು.

ಈ ಕಾಯಿಲೆ ಗಂಡಸರಲ್ಲೇ ಹೆಚ್ಚು, ನಿಜ. ಬೀಡಿ, ಸಿಗರೇಟು ಅದಕ್ಕೆ ಮುಖ್ಯ ಕಾರಣ; ಕಲ್ಲುಕ್ವಾರಿಯ ದೂಳು, ಡೀಸೆಲ್ ಹೊಗೆ ಆಮೇಲಿನವು. ಆದರೆ ಜಾಗತಿಕ ಅಂದಾಜೊಂದರ ಪ್ರಕಾರ, ಶ್ವಾಸಕೋಶದ ಕ್ಯಾನ್ಸರ್ ಬಂದ ಗಂಡಸರಲ್ಲಿ ಶೇ 15ರಷ್ಟು ಮಂದಿಗೆ ಮಾತ್ರ ಧೂಮಪಾನ ಕಾರಣವಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ 53. ಇದು ಹೆಣ್ಣಿನ ಶ್ವಾಸಕೋಶದ ದೌರ್ಬಲ್ಯವೇ? ಅಮೆರಿಕದಲ್ಲಿ ನರ್ಸ್‌ಗಳನ್ನೂ ಪುರುಷ ಆರೋಗ್ಯ ವೃತ್ತಿಪರರನ್ನೂ ಹೋಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಪ್ರಮಾಣದಲ್ಲಿ ಸಿಗರೇಟು ಸೇದಿದ ಗಂಡಸು ಹೆಂಗಸರಿಬ್ಬರಿಗೂ ಅಪಾಯ ಹೆಚ್ಚುಕಡಿಮೆ ಒಂದೇ ಇತ್ತು. ನಮ್ಮ ಹಳ್ಳಿಗಳ ಮಟ್ಟಿಗೆ ಯಾರು ದಿನಾ ಎಷ್ಟು ಹೊತ್ತು, ಯಾವ ಹೊಗೆಯಲ್ಲಿ ಕೂರುತ್ತಾರೆ ಎಂಬುದನ್ನೇ ಮೊದಲು ನೋಡಬೇಕು.

ಮೊದಲು ನಿಮ್ಮ ಹೊಗೆಯ ಲೆಕ್ಕ

ಈ ಲೆಕ್ಕಕ್ಕೆ ಅಪಾಯದ ಗೆರೆ ಹಾಕಿಕೊಟ್ಟಿದ್ದು ಮೈಸೂರಿನ ವೈದ್ಯರೇ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ ಎಂಬ ಎರಡನ್ನೂ ಗುಣಿಸಿ. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಬಿಡದ ಕಫ-ಕೆಮ್ಮಿನ ಅಪಾಯ ಗಣನೀಯವಾಗಿ ಏರುತ್ತದೆ. ಹದಿನೈದಕ್ಕೆ ಒಲೆ ಮುಂದೆ ಕೂತ ಹುಡುಗಿ ದಿನಕ್ಕೆ 3 ಗಂಟೆಯಂತೆ ಬೇಯಿಸಿದರೆ 35ನೇ ವಯಸ್ಸಿಗೆ ಆ ಗೆರೆ ಮುಟ್ಟುತ್ತಾಳೆ.

ಇದು ಬ್ರಾಂಕೈಟಿಸ್‌ನ ಗೆರೆ, ಕ್ಯಾನ್ಸರಿನದಲ್ಲ, ಗೊಂದಲ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದೂ ಸೌದೆಯ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿದೆ. ಆದರೂ ಈ ಲೆಕ್ಕ ಮಾಡಿಡಿ. ಡಾಕ್ಟರಿಗೆ ಹೇಳಲು ನಿಮ್ಮ ಕೈಯಲ್ಲೊಂದು ಅಂಕಿ ಇರುತ್ತದೆ.

ಮನೆಯಲ್ಲಿ ಗ್ಯಾಸ್ ಇದೆ ಎಂದು ಲೆಕ್ಕ ಬಿಡಬೇಡಿ. ಎಷ್ಟೋ ಮನೆಗಳಲ್ಲಿ ಅನ್ನ ಸಾರು ಗ್ಯಾಸಿನ ಮೇಲೆ, ಸ್ನಾನದ ನೀರು ಮಾತ್ರ ಹಂಡೆ ಒಲೆಯ ಮೇಲೆ. ಬೆಳಗಿನ ಜಾವ ಬಚ್ಚಲಲ್ಲಿ ತೆಂಗಿನಗರಿ, ಹತ್ತಿಕಡ್ಡಿ ತುಂಬಿ, ಬೇಗ ಹತ್ತಲಿ ಎಂದು ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಸಿ, ಊದುಕೊಳವೆಗೆ ಬಾಯಿಟ್ಟು ಊದುವಾಗ ಮುಖ ಒಲೆಯ ಬಾಯಿಂದ ಎರಡು ಮೊಳ ದೂರವೂ ಇರುವುದಿಲ್ಲ. ಊದಿ ಊದಿ ಉಸಿರು ಕಟ್ಟಿದಾಗ ಎಳೆದುಕೊಳ್ಳುವ ದೊಡ್ಡ ಉಸಿರು ಆ ಹೊಗೆಯದೇ. ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ ಎಂಬುದು ನನ್ನ ಸಲಹೆ.

ಒಲೆ ಬದಲಿಸಿ, ಆಗದಿದ್ದರೆ ಹೊಗೆಗೆ ದಾರಿ ಮಾಡಿ

ಪ್ಲಾಸ್ಟಿಕ್ ಉರಿಸುವುದನ್ನು ಇವತ್ತೇ ನಿಲ್ಲಿಸಿ, ಇದಕ್ಕೆ ಖರ್ಚಿಲ್ಲ. ಸಿಲಿಂಡರ್ ತಿಂಗಳು ಪೂರ್ತಿ ಬರುವುದಿಲ್ಲವೆಂದರೆ ಹೆಚ್ಚು ಹೊತ್ತು ಬೇಯುವ ಕಾಳು, ಮುದ್ದೆಗೆ ಗ್ಯಾಸ್ ಮೀಸಲಿಡಿ. ಸೌದೆ ಒಲೆ ಬಿಡಲಾಗದಿದ್ದರೆ ಚಿಮಣಿ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲೇ ನಮ್ಮ ಹಳ್ಳಿಗಳಿಗೆ ಬಂದಿತ್ತು. ಸೌದೆಯೂ ಉಳಿಯುತ್ತಿತ್ತು, ಹೊಗೆಯೂ ಕೊಳವೆಯಲ್ಲಿ ಹೊರಹೋಗುತ್ತಿತ್ತು. ಎಷ್ಟೋ ಕಡೆ ಕೊಳವೆ ಕಟ್ಟಿಕೊಂಡ ಮೇಲೆ ಒಲೆಯನ್ನೇ ಕಿತ್ತು ಹಾಕಿದರು. ಕೊಳವೆಯ ಮಸಿ ಆಗಾಗ ಉದುರಿಸಿದರೆ ಸಾಕಿತ್ತು. ಚೀನಾದ ಷುವಾನ್‌ವೇ ಎಂಬಲ್ಲಿ ಸಿಗರೇಟು ಮುಟ್ಟದ ಹೆಂಗಸರೂ ಕಲ್ಲಿದ್ದಲ ಹೊಗೆಯಿಂದ ಸಾಲುಸಾಲಾಗಿ ಈ ಕ್ಯಾನ್ಸರಿಗೆ ತುತ್ತಾಗುತ್ತಿದ್ದರು. ಅಲ್ಲಿ ಒಲೆಗೆ ಚಿಮಣಿ ಹಾಕಿಸಿಕೊಂಡ ಮನೆಗಳಲ್ಲಿ ಗಂಡಸು ಹೆಂಗಸು ಇಬ್ಬರಿಗೂ ಅಪಾಯ ಶೇ 40ಕ್ಕಿಂತ ಹೆಚ್ಚು ತಗ್ಗಿತು.

ಗಂಡನ ಬೀಡಿಯೂ ಮನೆಯ ಹೊಗೆಯೇ. ವಿಪರೀತ ಸೇದುವವರ ಹೆಂಡತಿಯರಿಗೆ ಈ ಕ್ಯಾನ್ಸರ್ ಹೆಚ್ಚು ಎಂದು ಜಪಾನಿನ ಸಂಶೋಧಕ ಹಿರಾಯಾಮ 1981ರಲ್ಲೇ ತೋರಿಸಿಕೊಟ್ಟರು. ಜಗುಲಿ ಮೇಲೆ ಕೂತು ಸೇದಿದರೂ ಹೊಗೆ ಒಳಗೆ ಬರುತ್ತದೆ. ಬಿಡಬೇಕೆನ್ನುವವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಿಟ್ಟು ಹತ್ತು ವರ್ಷವಾದರೆ ಸೇದುತ್ತಲೇ ಇರುವವನಿಗೆ ಹೋಲಿಸಿದಾಗ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಯಾವಾಗ ಆಸ್ಪತ್ರೆಗೆ?

ಧೂಮಪಾನ ಮಾಡದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮ ಎಂಬ ಬಗೆ. ಇದು ಸಾಮಾನ್ಯವಾಗಿ ಶ್ವಾಸಕೋಶದ ಅಂಚಿನಲ್ಲಿ ಬೆಳೆಯುವುದರಿಂದ ಕೆಮ್ಮು, ರಕ್ತ ತಡವಾಗಿ ಕಾಣಿಸುತ್ತವೆ. ಹಾಗಾಗಿ ಸಣ್ಣ ಸೂಚನೆಯನ್ನೂ ಕಡೆಗಣಿಸಬೇಡಿ: ಮೂರು ವಾರ ದಾಟಿದ ಕೆಮ್ಮು, ಕಾರಣವಿಲ್ಲದೆ ಇಳಿದ ತೂಕ, ಕಟ್ಟಿದ ಗಂಟಲು, ಒಂದೇ ಕಡೆ ನೋಯುವ ಎದೆ ಅಥವಾ ಬೆನ್ನು. ಕಫದಲ್ಲಿ ರಕ್ತ ಕಂಡರೆ ಅಂದೇ ಹೊರಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡೂ ತೋರುಬೆರಳುಗಳ ಉಗುರನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿ ಬೆಳಕಿಗೆ ಹಿಡಿಯಿರಿ. ಉಗುರಿನ ಬುಡದಲ್ಲಿ ವಜ್ರಾಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿ ಬೆರಳತುದಿ ಊದಿಕೊಂಡಿದ್ದರೆ ಡಾಕ್ಟರಿಗೆ ತೋರಿಸಿ. ಕಾರಣ ಬೇರೆಯೂ ಇರಬಹುದು, ಕಿಂಡಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದೂ ಅಲ್ಲ.

ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ‘ನಾನು ಬೀಡಿ ಸೇದಲ್ಲ, ಆದರೆ ಇಷ್ಟು ವರ್ಷ ಸೌದೆ ಒಲೆ ಮುಂದೆ ಕೂತಿದ್ದೀನಿ.’ ಕ್ಷಯ ಇದೆಯೇ ಎಂದು ನೋಡುವ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊದಲು ಅದನ್ನು ಮಾಡಿಸಿ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡು, ಕಫದಲ್ಲಿ ಕ್ಷಯದ ಕ್ರಿಮಿ ಸಿಗದೆಯೂ ಟಿಬಿ ಮಾತ್ರೆ ಶುರುವಾಗುವುದುಂಟು. ನಮ್ಮ ದೇಶದಲ್ಲಿ ಎಷ್ಟೋ ಕ್ಯಾನ್ಸರ್ ರೋಗಿಗಳ ಅಮೂಲ್ಯ ತಿಂಗಳುಗಳು ಹೋಗುವುದು ಇಲ್ಲೇ. ಮಾತ್ರೆಯಿಂದ ಗುಣ ಕಾಣದಿದ್ದರೆ ನೀವಾಗಿ ನಿಲ್ಲಿಸಬೇಡಿ, ಆದರೆ ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಿಗೆ ನಂಜನಗೂಡಿನಿಂದ ಒಂದು ಗಂಟೆಯ ದಾರಿ.

ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಎಂದು ಬಂದರೆ ಇಜಿಎಫ್‌ಆರ್ ಜೀನ್ ಪರೀಕ್ಷೆಯನ್ನು ಮರೆಯದೆ ಕೇಳಿ. ಈ ಜೀನ್‌ನ ಬದಲಾವಣೆ ಹೆಂಗಸರಲ್ಲಿ, ಧೂಮಪಾನ ಮಾಡದವರಲ್ಲಿ, ಏಷ್ಯಾದವರಲ್ಲಿ ಹೆಚ್ಚು; ಅದಿದ್ದವರಿಗೆ ನುಂಗುವ ಮಾತ್ರೆಯ ಚಿಕಿತ್ಸೆ ಇದೆ.

ಹೊರಡುವಾಗ ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಹಳೆಯ ಎಕ್ಸ್‌ರೇಗಳಿದ್ದರೆ ಅವನ್ನೂ ತೆಗೆದುಕೊಂಡು ಹೋಗಿ. ಮಚ್ಚೆ ಹಳೆಯದೋ ಹೊಸದೋ ಎಂದು ಡಾಕ್ಟರಿಗೆ ಬೇಗ ತಿಳಿಯುತ್ತದೆ.